ಚದುರಂಗದ ಕಲಿ ಮಿಖಾಯಿಲ್ ತಾಲ್

ಚದುರಂಗವು ಭರತಖಂಡದಲ್ಲಿ ಹುಟ್ಟಿ ಜಗತ್ತಿಗೆಲ್ಲ ಹಬ್ಬಿದ ಆಟ. ರಥ, ಗಜ, ತುರಗ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಚತುರಂಗವೆಂಬ ಹೆಸರು ಬಂದಿತು. ಇಲ್ಲಿಂದ ಅದು ಪಾರಸಿಕರ ನಾಡಿಗೆ ಹೋಯಿತು. ಅಲ್ಲಿಂದ ಅರಬರ ಕೈಸೇರಿ ಯೂರೋಪನ್ನು ಮುಟ್ಟಿತು. ಹೋದ ಹೋದ ದೇಶದಲ್ಲೆಲ್ಲ ಕಾಯಿಗಳ ಹೆಸರು ಬದಲಾಯಿತು, ನಡೆಗಳು ಬದಲಾದವು. ಆದರೆ ಆಟದ ತಿರುಳು ಮಾತ್ರ ಹಾಗೆಯೇ ಉಳಿಯಿತು. 64 ಮನೆಗಳ ಆ ಪುಟ್ಟ ರಣರಂಗದಲ್ಲಿ ಎರಡು ಸೇನೆಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದೊಂದು ಪಕ್ಷದಲ್ಲಿಯೂ ರಾಜ, ಮಂತ್ರಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ ಮತ್ತು ಎಂಟು ಕಾಲಾಳುಗಳು. ಎದುರಾಳಿಯ ರಾಜನನ್ನು ಕದಲದಂತೆ ಕಟ್ಟಿಹಾಕುವುದೇ ಆಟದ ಗುರಿ. ಇಲ್ಲಿ ದೈವದ ಪಾಲಿಲ್ಲ, ದಾಳದ ಪಾಲಿಲ್ಲ. ಬುದ್ಧಿಯೊಂದೇ ಬಲ, ಧೈರ್ಯವೊಂದೇ ಬೆಂಗಾವಲು.

ಚದುರಂಗದಲ್ಲಿ ಸೋಲು ಗೆಲುವುಗಳಲ್ಲದೆ ಮೂರನೆಯ ಫಲವೂ ಒಂದುಂಟು. ಅದನ್ನು ಡ್ರಾ ಎನ್ನುತ್ತಾರೆ. ಇಬ್ಬರಲ್ಲಿ ಯಾರೂ ಗೆಲ್ಲಲಾರದೆ ಆಟವು ಸಮವಾಗಿ ಮುಗಿಯುವುದೇ ಡ್ರಾ. ಸಾಮಾನ್ಯ ಜನರು ಅದನ್ನು ಸಪ್ಪೆಯಾದ ಫಲವೆಂದು ಭಾವಿಸುವುದುಂಟು. ಇಬ್ಬರೂ ಅಂಜಿ, ಅಪಾಯಕ್ಕೆ ಕೈಹಾಕದೆ, ಕೈಕುಲುಕಿ ಎದ್ದುಹೋದರೆಂದು ತಿಳಿಯುತ್ತಾರೆ. ಎಷ್ಟೋ ವೇಳೆ ಅದು ನಿಜವೂ ಹೌದು. ಆದರೆ ಇಬ್ಬರು ವೀರರು ತಮ್ಮಲ್ಲಿರುವುದನ್ನೆಲ್ಲ ಪಣಕ್ಕೊಡ್ಡಿ, ಹೊಡೆತಕ್ಕೆ ಹೊಡೆತ ಕೊಟ್ಟು, ಕೊನೆಗೆ ಯಾರೂ ಯಾರನ್ನೂ ಕೆಡವಲಾರದೆ ನಿಂತ ಆಟಗಳೂ ಉಂಟು. 1960ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ನಡೆದ ಒಂದು ಆಟವು ಅಂಥದು. ಅದನ್ನು ಆಡಿದವರಲ್ಲಿ ಒಬ್ಬನು ಆಗಿನ ಜಗಜ್ಜಟ್ಟಿ ಮಿಖಾಯಿಲ್ ತಾಲ್. ಇನ್ನೊಬ್ಬನು ಹದಿನೇಳು ವರ್ಷದ ಹುಡುಗ ಬಾಬಿ ಫಿಷರ್. ಆ ಆಟದ ಸ್ವಾರಸ್ಯವನ್ನು ತಿಳಿಯಬೇಕಾದರೆ ತಾಲನ ಬಾಳನ್ನು ಮೊದಲು ತಿಳಿಯಬೇಕು.

ಬಾಲ್ಟಿಕ್ ಸಮುದ್ರದ ಅಂಚಿನಲ್ಲಿ ಲ್ಯಾಟ್ವಿಯ ಎಂಬ ಚಿಕ್ಕ ದೇಶವಿದೆ. ರೀಗಾ ಅದರ ರಾಜಧಾನಿ. ಮಿಖಾಯಿಲ್ ತಾಲ್ 1936ನೆಯ ಇಸವಿ ನವೆಂಬರ್ 9ರಂದು ಆ ನಗರದ ಒಂದು ಯೆಹೂದಿ ಮನೆತನದಲ್ಲಿ ಜನಿಸಿದನು. ತಂದೆ ವೈದ್ಯ. ಹುಟ್ಟುವಾಗಲೇ ಮಗುವಿನ ಬಲಗೈಯಲ್ಲಿ ಮೂರೇ ಬೆರಳುಗಳಿದ್ದವು. ಇಂಥ ಕೊರತೆಯು ಎಷ್ಟೋ ಮಕ್ಕಳನ್ನು ಕುಗ್ಗಿಸಿ ಮೂಲೆಗೆ ಸೇರಿಸಿಬಿಡುತ್ತದೆ. ತಾಲ್ ಮಾತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದೇ ಕೈಯಿಂದ ಅವನು ಪಿಯಾನೊ ನುಡಿಸುವುದನ್ನು ಕಲಿತನು. ಅದೇ ಕೈಯಿಂದ ಮುಂದೆ ಜಗತ್ತಿನ ಘಟಾನುಘಟಿಗಳ ಕೋಟೆಗಳನ್ನು ಒಡೆದನು.

ಅವನ ಬುದ್ಧಿಯು ಬಹು ಬೇಗ ಬೆಳಗಿತು. ಮೂರು ವರ್ಷ ತುಂಬುವ ಹೊತ್ತಿಗೆ ಓದಲು ಬರುತ್ತಿತ್ತು. ನೆನಪಿನ ಶಕ್ತಿಯಂತೂ ಕೇಳಿದವರು ಬೆರಗಾಗುವಂತಿತ್ತು. ಆದರೆ ಬಾಲ್ಯದ ಆ ದಿನಗಳು ನೆಮ್ಮದಿಯವಾಗಿರಲಿಲ್ಲ. 1941ರಲ್ಲಿ ಹಿಟ್ಲರನ ಸೇನೆಯು ಲ್ಯಾಟ್ವಿಯವನ್ನು ಮುತ್ತಿತು. ರೀಗಾದಲ್ಲಿ ಉಳಿದ ಸಾವಿರಾರು ಯೆಹೂದಿಗಳು ಕೊಲೆಗೀಡಾದರು. ತಾಲನ ತಂದೆತಾಯಿಗಳು ಮಗುವನ್ನು ಕರೆದುಕೊಂಡು ದೂರದ ಉರಾಲ್ ಸೀಮೆಗೆ ವಲಸೆ ಹೋದುದರಿಂದ ಆ ಸಂಸಾರವು ಉಳಿದುಕೊಂಡಿತು. ಯುದ್ಧದ ಹಾವಳಿ ಅಡಗಿದ ಮೇಲೆ ಅವರು ಮರಳಿ ರೀಗಾ ನಗರವನ್ನು ಸೇರಿದರು.

ತಾಲನಿಗೆ ಚದುರಂಗದ ಪರಿಚಯವಾದುದು ತಂದೆಯಿಂದ. ವೈದ್ಯನಾದ ತಂದೆಯು ಬಿಡುವಿನಲ್ಲಿ ಆಡುತ್ತಿದ್ದುದನ್ನು ಎಂಟು ವರ್ಷದ ಬಾಲಕನು ನೋಡಿ ನೋಡಿ ಕಾಯಿಗಳ ನಡೆಯನ್ನು ಅರಿತುಕೊಂಡನು. ಬಳಿಕ ಊರಿನ ಬಾಲಕರ ಕೇಂದ್ರದಲ್ಲಿದ್ದ ಚದುರಂಗದ ಕೂಟಕ್ಕೆ ಸೇರಿದನು. ಮೊದಮೊದಲು ಅವನ ಆಟದಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಕಾಣಲಿಲ್ಲ. ಆದರೆ ಆಸಕ್ತಿಯು ದಿನದಿನಕ್ಕೆ ಹೆಚ್ಚುತ್ತ ಹೋಯಿತು. ಮಿಖಾಯಿಲ್ ಬೊತ್ವಿನ್ನಿಕ್ 1948ರಲ್ಲಿ ಜಗಜ್ಜಟ್ಟಿಯಾದನು. ಆ ವರ್ಷವೇ ಅವನು ವಿಶ್ರಾಂತಿಗಾಗಿ ರೀಗಾದ ಸಮೀಪದ ಕಡಲತೀರಕ್ಕೆ ಬಂದಿದ್ದಾಗ, ಹುಡುಗ ತಾಲ್ ಚದುರಂಗದ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಆ ಮನೆಯ ಬಾಗಿಲು ತಟ್ಟಿದನೆಂದೂ, ಒಳಗೆ ಹೋಗಲು ಅಪ್ಪಣೆ ಸಿಕ್ಕದೆ ಹಿಂದಿರುಗಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆಯ ಸತ್ಯಾಸತ್ಯ ಹೇಗಾದರೂ ಇರಲಿ, ಹನ್ನೆರಡು ವರ್ಷಗಳ ಮೇಲೆ ಅದೇ ಬೊತ್ವಿನ್ನಿಕನ ಎದುರಿನಲ್ಲಿ ಅವನು ಕುಳಿತುದಂತೂ ಇತಿಹಾಸ.

1949ರಿಂದ ಅಲೆಕ್ಸಾಂಡರ್ ಕೊಬ್ಲೆಂಟ್ಸ್ ಎಂಬ ಅನುಭವಿಯು ಅವನಿಗೆ ಗುರುವಾಗಿ ದೊರೆತನು. ಹುಡುಗನ ಕಲ್ಪನೆಯನ್ನು ಚಿವುಟದೆ ಅದಕ್ಕೆ ಶಿಸ್ತನ್ನು ತಂದುಕೊಟ್ಟದ್ದು ಆ ಗುರುವಿನ ಹಿರಿಮೆ. 1953ರಲ್ಲಿ ತಾಲ್ ಲ್ಯಾಟ್ವಿಯದ ಪ್ರಥಮ ಆಟಗಾರನಾದನು. ಇತ್ತ ಓದನ್ನೂ ಅವನು ಬಿಡಲಿಲ್ಲ. ಹದಿನೈದರ ಎಳೆಯ ಹರೆಯದಲ್ಲೇ ವಿಶ್ವವಿದ್ಯಾನಿಲಯವನ್ನು ಸೇರಿ ಸಾಹಿತ್ಯವನ್ನು ಅಭ್ಯಾಸ ಮಾಡಿದನು. ಇಲ್ಫ್ ಮತ್ತು ಪೆತ್ರೋವ್ ಎಂಬ ರಷ್ಯನ್ ಹಾಸ್ಯ ಲೇಖಕರ ವಿಡಂಬನೆಯನ್ನು ಕುರಿತು ಪ್ರಬಂಧ ಬರೆದು ಪದವಿ ಪಡೆದನು. ಕೆಲಕಾಲ ರೀಗಾದ ಶಾಲೆಯೊಂದರಲ್ಲಿ ಉಪಾಧ್ಯಾಯನೂ ಆಗಿದ್ದನು. ಸಾಹಿತ್ಯದ ಈ ಸಂಸ್ಕಾರವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಚದುರಂಗದ ಪತ್ರಿಕೆಯೊಂದಕ್ಕೆ ಹತ್ತು ವರ್ಷ ಸಂಪಾದಕನಾದುದಕ್ಕೂ, ಅವನ ಬರಹಗಳಲ್ಲಿ ತನ್ನನ್ನು ತಾನೇ ನಗೆಗೀಡುಮಾಡಿಕೊಳ್ಳುವ ತಿಳಿಯಾದ ಹಾಸ್ಯ ಹರಿದುದಕ್ಕೂ ಅದೇ ಮೂಲ.

ಆ ಕಾಲದಲ್ಲಿ ಸೋವಿಯತ್ ಒಕ್ಕೂಟವು ಚದುರಂಗದ ತೌರುಮನೆಯಂತಿತ್ತು. ಅಲ್ಲಿ ಪ್ರಥಮನಾಗುವುದೆಂದರೆ ಸುಲಭದ ಮಾತಾಗಿರಲಿಲ್ಲ. ತಾಲ್ ತನ್ನ ಇಪ್ಪತ್ತನೆಯ ವರ್ಷದಲ್ಲಿ, 1957ರಲ್ಲಿ, ಆ ಪದವಿಯನ್ನು ಪಡೆದನು. ಮರುವರ್ಷ ಅದನ್ನು ಉಳಿಸಿಕೊಂಡನು. ಒಟ್ಟು ಆರು ಸಾರಿ ಆ ಗೌರವ ಅವನಿಗೆ ಸಂದಿತು. ಅವನ ಆಟದ ರೀತಿಯೇ ಬೇರೆಯಾಗಿತ್ತು. ಆಗಿನ ಹಿರಿಯರು ಚದುರಂಗವನ್ನು ಬಹುಮಟ್ಟಿಗೆ ಒಂದು ಶಾಸ್ತ್ರದಂತೆ ಆಡುತ್ತಿದ್ದರು. ಪ್ರತಿಯೊಂದು ಕಾಯಿಗೂ ಬೆಲೆ ಕಟ್ಟಿ, ಲಾಭನಷ್ಟಗಳನ್ನು ತೂಗಿ, ಇಂಚಿಂಚಾಗಿ ಮುಂದುವರಿಯುವುದು ಅವರ ಪದ್ಧತಿ. ತಾಲನಾದರೋ ಕುದುರೆಯನ್ನೋ ಒಂಟೆಯನ್ನೋ ಆನೆಯನ್ನೋ ಎದುರಾಳಿಗೆ ಬಲಿಯಾಗಿ ಒಪ್ಪಿಸಿಬಿಡುತ್ತಿದ್ದನು. ನೋಡುವವರಿಗೆ ಹುಚ್ಚಾಟದಂತೆ ಕಾಣುತ್ತಿತ್ತು. ಆದರೆ ಬಲಿಯನ್ನು ಸ್ವೀಕರಿಸಿದವನು ಕೆಲವು ನಡೆಗಳಲ್ಲೇ ತನ್ನ ರಾಜನ ಸುತ್ತ ಬೆಂಕಿ ಹತ್ತಿರುವುದನ್ನು ಕಾಣುತ್ತಿದ್ದನು. ಗಡಿಯಾರವು ಓಡುತ್ತಿರುವಾಗ ಆ ಬೆಂಕಿಯಿಂದ ಪಾರಾಗುವ ದಾರಿಯನ್ನು ಹುಡುಕುವುದು ಬಹು ಜನಕ್ಕೆ ಸಾಧ್ಯವಾಗುತ್ತಿರಲಿಲ್ಲ. ಅವನ ಬಲಿಗಳೆಲ್ಲವೂ ಲೆಕ್ಕಕ್ಕೆ ಸರಿಯಾಗಿದ್ದವೆಂದು ಹೇಳುವಂತಿಲ್ಲ. ಆಟ ಮುಗಿದ ಮೇಲೆ ಪಂಡಿತರು ದಿನಗಟ್ಟಲೆ ಕುಳಿತು ಶೋಧಿಸಿ, ಕೆಲವು ಬಲಿಗಳಲ್ಲಿ ದೋಷವನ್ನು ತೋರಿಸಿದ್ದುಂಟು. ಆದರೆ ಹಲಗೆಯ ಎದುರಿಗೆ ಕುಳಿತವನಿಗೆ ದಿನಗಟ್ಟಲೆ ಕಾಲವಿರಲಿಲ್ಲ. ಅದನ್ನು ತಾಲ್ ಚೆನ್ನಾಗಿ ಬಲ್ಲವನಾಗಿದ್ದನು.

1959ರಲ್ಲಿ ಯುಗೊಸ್ಲಾವಿಯದ ಮೂರು ನಗರಗಳಲ್ಲಿ ಒಂದು ದೀರ್ಘ ಸ್ಪರ್ಧೆ ನಡೆಯಿತು. ಅದರಲ್ಲಿ ಗೆದ್ದವನಿಗೆ ಜಗಜ್ಜಟ್ಟಿ ಬೊತ್ವಿನ್ನಿಕನೊಡನೆ ಆಡುವ ಅವಕಾಶ. ಎಂಟು ಮಂದಿ ಆಟಗಾರರು. ಒಬ್ಬೊಬ್ಬನೂ ಉಳಿದವರೊಡನೆ ನಾಲ್ಕು ಸಾರಿ ಆಡಬೇಕು. ತಾಲ್ 28 ಆಟಗಳಲ್ಲಿ 20 ಅಂಕಗಳನ್ನು ಗಳಿಸಿ ಮೊದಲಿಗನಾದನು. ಆ ಎಂಟು ಮಂದಿಯಲ್ಲಿ ಅಮೆರಿಕದಿಂದ ಬಂದ ಬಾಬಿ ಫಿಷರನೂ ಇದ್ದನು. ಆಗ ಅವನಿಗೆ ಹದಿನಾರು ವರ್ಷ. ಹಟಮಾರಿ, ಏಕಾಂಗಿ, ಚದುರಂಗವಲ್ಲದೆ ಬೇರೆ ಲೋಕವನ್ನೇ ಅರಿಯದ ಹುಡುಗ. ತಾಲನೊಡನೆ ಆಡಿದ ನಾಲ್ಕು ಆಟಗಳಲ್ಲಿಯೂ ಅವನು ಸೋತನು. ಒಂದರಲ್ಲಿಯಾದರೂ ಸಮ ಮಾಡಿಕೊಳ್ಳಲು ಆಗಲಿಲ್ಲ. ಆ ಸೋಲಿನ ಕಹಿಯನ್ನು ಅವನು ಮನಸ್ಸಿನಲ್ಲಿಟ್ಟುಕೊಂಡೇ ಊರಿಗೆ ಹಿಂದಿರುಗಿದನು.

1960ರ ಮಾರ್ಚ್ ತಿಂಗಳಲ್ಲಿ ಮಾಸ್ಕೋ ನಗರದಲ್ಲಿ ತಾಲ್ ಬೊತ್ವಿನ್ನಿಕರ ಪಂದ್ಯ ಆರಂಭವಾಯಿತು. ಒಬ್ಬನಿಗೆ ಇಪ್ಪತ್ತಮೂರು ವರ್ಷ, ಇನ್ನೊಬ್ಬನಿಗೆ ನಲವತ್ತೆಂಟು. ಒಬ್ಬನು ಕಲ್ಪನೆಯ ಮೂರ್ತಿ, ಇನ್ನೊಬ್ಬನು ಶಾಸ್ತ್ರದ ಮೂರ್ತಿ. ಆರನೆಯ ಆಟದಲ್ಲಿ ತಾಲ್ ಒಂದು ಕುದುರೆಯನ್ನು ಎದುರಾಳಿಯ ಕಾಲಾಳಿನ ಬಾಯಿಗೆ ಒಡ್ಡಿದನು. ಸಭೆಯಲ್ಲಿ ಎಂಥ ಗದ್ದಲವೆದ್ದಿತೆಂದರೆ, ಆಟಗಾರರನ್ನು ವೇದಿಕೆಯಿಂದ ಹಿಂದಿನ ಕೋಣೆಗೆ ಕರೆದೊಯ್ದು ಆಟವನ್ನು ಮುಂದುವರಿಸಬೇಕಾಯಿತು. ಆ ಬಲಿಯಲ್ಲಿ ಕುಂದಿತ್ತೆಂದು ಅನಂತರ ಪಂಡಿತರು ವಾದಿಸಿದರು. ಆದರೆ ಅಂದು ಗೆದ್ದವನು ತಾಲ್. 21 ಆಟಗಳ ಕೊನೆಗೆ ಹನ್ನೆರಡೂವರೆಗೆ ಎಂಟೂವರೆ ಅಂಕಗಳಿಂದ ಅವನು ಜಗಜ್ಜಟ್ಟಿಯಾದನು. ಅಲ್ಲಿಯವರೆಗೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪಟ್ಟವನ್ನು ಏರಿದವರು ಯಾರೂ ಇರಲಿಲ್ಲ.

ಅದೇ ವರ್ಷದ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಲೈಪ್‌ಜಿಗ್ ನಗರದಲ್ಲಿ ಚದುರಂಗದ ಒಲಿಂಪಿಯಾಡ್ ನಡೆಯಿತು. ನಲವತ್ತು ದೇಶಗಳ ತಂಡಗಳು ಅಲ್ಲಿ ನೆರೆದಿದ್ದವು. ಸೋವಿಯತ್ ತಂಡದ ಮೊದಲನೆಯ ಆಟಗಾರನು ತಾಲ್. ಅಮೆರಿಕದ ಮೊದಲನೆಯ ಆಟಗಾರನು ಫಿಷರ್. ಎರಡು ದೇಶಗಳೂ ಪರಸ್ಪರ ಸಂದೇಹದಿಂದ ನೋಡಿಕೊಳ್ಳುತ್ತಿದ್ದ ಕಾಲವದು. ಎರಡು ತಂಡಗಳು ಎದುರಾದಾಗ ಎಲ್ಲರ ಕಣ್ಣೂ ಮೊದಲನೆಯ ಹಲಗೆಯ ಮೇಲೆ ನೆಟ್ಟಿತು. ಫಿಷರನಿಗೆ ಹಿಂದಿನ ವರ್ಷದ ನಾಲ್ಕು ಸೋಲುಗಳ ಲೆಕ್ಕ ತೀರಿಸಬೇಕಾಗಿತ್ತು. ತಾಲನಿಗೆ ಹೊಸದಾಗಿ ಬಂದ ಪಟ್ಟದ ಮಾನವನ್ನು ಕಾಯಬೇಕಾಗಿತ್ತು. ಪಟ್ಟವನ್ನು ಕಾಯುವವನು ಎಚ್ಚರಿಕೆಯಿಂದ ಆಡುವುದು ಲೋಕರೂಢಿ. ಆದರೆ ತಾಲ್ ಆ ರೂಢಿಗೆ ಸೇರಿದವನಲ್ಲ.

ಬಿಳಿಯ ಕಾಯಿಗಳು ಫಿಷರನವು, ಕಪ್ಪು ತಾಲನವು. ಫಿಷರ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ತಳ್ಳಿದನು. ತಾಲ್ ತಾನು ಅಪರೂಪವಾಗಿ ಆಡುತ್ತಿದ್ದ ಫ್ರೆಂಚ್ ರಕ್ಷಣೆಯೆಂಬ ಪದ್ಧತಿಯನ್ನು ಹಿಡಿದನು. ಐದಾರು ನಡೆಗಳಾಗುವಷ್ಟರಲ್ಲಿ ಕಿಡಿ ಹಾರಿತು. ಫಿಷರನ ಕಾಲಾಳು ತಾಲನ ಒಂಟೆಯನ್ನು ತಿನ್ನಲು ಸಿದ್ಧವಾಗಿ ನಿಂತಿತು. ಬೇರೆಯವರಾಗಿದ್ದರೆ ಒಂಟೆಯನ್ನು ಹಿಂದಕ್ಕೆ ಸರಿಸುತ್ತಿದ್ದರು. ತಾಲ್ ಅದರ ಕಡೆ ನೋಡದೆ, ತನ್ನ ಕಾಲಾಳಿನಿಂದ ನಡುವಿನ ಒಂದು ಕಾಲಾಳನ್ನು ಕೊಂದು ಫಿಷರನ ಕುದುರೆಗೆ ಕತ್ತಿ ತೋರಿಸಿದನು. ಫಿಷರನೂ ಕುದುರೆಯ ಕಡೆ ನೋಡಲಿಲ್ಲ. ತನ್ನ ಮಂತ್ರಿಯನ್ನು ತಾಲನ ರಾಜನ ಪಕ್ಕಕ್ಕೆ ನುಗ್ಗಿಸಿದನು. ಒಂಟೆ ಹೋಯಿತು, ಕುದುರೆಯೂ ಹೋಯಿತು. ಬಿಳಿಯ ಮಂತ್ರಿಯು ಕಪ್ಪು ರಾಜನ ಪಕ್ಕದ ಎರಡು ಕಾಲಾಳುಗಳನ್ನು ಒಂದರ ಮೇಲೊಂದರಂತೆ ನುಂಗಿತು.

ಈ ನಷ್ಟದಲ್ಲಿಯೇ ತಾಲನಿಗೆ ಒಂದು ಲಾಭವಿತ್ತು. ಕಾಲಾಳು ಹೋದ ಸಾಲು ಬಯಲಾಯಿತು. ಅವನ ಆನೆಯು ಆ ಬಯಲಿನ ತುದಿಯಲ್ಲಿ ಬಂದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಫಿಷರನು ತನ್ನ ರಾಜನನ್ನು ಕೋಟೆಯೊಳಗೆ ಸೇರಿಸಿದ್ದು ಅದೇ ಸಾಲಿನ ಇನ್ನೊಂದು ತುದಿಯಲ್ಲಿ. ತಾಲ್ ತನ್ನ ರಾಜನನ್ನು ಎದುರು ಪಕ್ಕಕ್ಕೆ ಸಾಗಿಸಿದನು. ಹೀಗೆ ಇಬ್ಬರು ರಾಜರೂ ಎರಡು ಬೇರೆ ಮಗ್ಗುಲಿನಲ್ಲಿ ನಿಂತಾಗ, ಇಬ್ಬರೂ ಒಬ್ಬರ ಮೇಲೊಬ್ಬರು ಏರಿಹೋಗಲು ತಡೆಯಿಲ್ಲದಂತಾಯಿತು. ಫಿಷರನ ಮಂತ್ರಿಯು ಶತ್ರುವಿನ ಪಾಳೆಯದೊಳಗೆ, ತನ್ನ ರಾಜನಿಂದ ಬಹು ದೂರದಲ್ಲಿತ್ತು.

ಹದಿನಾಲ್ಕನೆಯ ನಡೆಯಲ್ಲಿ ಫಿಷರ್ ತನ್ನ ಒಂಟೆಯನ್ನು ತಾಲನ ಆನೆಯ ದಾರಿಗೆ ಅಡ್ಡವಾಗಿ ತಂದು ನಿಲ್ಲಿಸಿದನು. ಅದಕ್ಕೆ ತಾಲ್ ಕೊಟ್ಟ ಉತ್ತರವು ಆಟದ ಗತಿಯನ್ನೇ ಬದಲಿಸಿತು. ಅವನ ಕುದುರೆಯು ನೆಗೆದು ನಡುವಿನ ಕಾಲಾಳನ್ನು ಕೊಂದಿತು. ಅಲ್ಲಿ ಅದು ಸಾಯುವುದು ನಿಶ್ಚಯವಾಗಿತ್ತು. ಫಿಷರನ ಕುದುರೆ ಅದನ್ನು ಕೊಂದಿತು. ತಾಲನ ಒಂಟೆ ಫಿಷರನ ಇನ್ನೊಂದು ಒಂಟೆಯನ್ನು ಕೊಂದಿತು. ಫಿಷರನ ಕುದುರೆ ಒಂದು ಕಾಲಾಳನ್ನು ತಿಂದು ಆನೆಯ ಮೇಲೆ ಕಣ್ಣಿಟ್ಟಿತು. ತಾಲನ ಒಂಟೆ ಫಿಷರನ ಆನೆಯನ್ನೇ ಹೊಡೆಯಿತು. ಫಿಷರನ ಕುದುರೆ ತಾಲನ ಆನೆಯನ್ನು ಕೆಡವಿತು. ತಾಲನ ಉಳಿದ ಆನೆ ಅಡ್ಡನಿಂತಿದ್ದ ಒಂಟೆಯನ್ನು ಕೆಡವಿ ಬಯಲು ಸಾಲನ್ನು ಮತ್ತೆ ತೆರೆಯಿತು. ಆಗ ಫಿಷರನ ಕುದುರೆ ಮತ್ತೊಂದು ಕಾಲಾಳನ್ನು ಕೊಂದು, ಒಂದೇ ನೆಗೆತದಲ್ಲಿ ತಾಲನ ಮಂತ್ರಿಗೂ ಆನೆಗೂ ಗುರಿಯಿಟ್ಟು ನಿಂತಿತು. ಎರಡನ್ನೂ ಉಳಿಸುವುದು ಅಸಾಧ್ಯವೆಂದು ಯಾರಿಗಾದರೂ ತೋರುವ ಗಳಿಗೆ ಅದು.

ತಾಲ್ ಆನೆಯನ್ನು ಮುಂದಕ್ಕೆ ನುಗ್ಗಿಸಿ ಬಿಳಿಯ ರಾಜನ ಎದುರಿನ ಕಾಲಾಳನ್ನು ಕೊಂದು ಶಹ ಕೊಟ್ಟನು. ಆ ಆನೆಗೆ ಅವನ ಒಂಟೆಯ ಬೆಂಬಲವಿದ್ದುದರಿಂದ ರಾಜನು ಅದನ್ನು ಮುಟ್ಟುವಂತಿರಲಿಲ್ಲ. ಫಿಷರನಿಗೆ ಎರಡು ದಾರಿಗಳಿದ್ದವು. ರಾಜನಿಂದ ಒಂಟೆಯನ್ನು ಕೊಲ್ಲಬಹುದು, ಇಲ್ಲವೇ ಮೂಲೆಗೆ ಸರಿಯಬಹುದು. ಒಂಟೆಯನ್ನು ಕೊಲ್ಲುವುದು ಕಣ್ಣಿಗೆ ಲಾಭವಾಗಿ ಕಂಡರೂ ಅದರಲ್ಲಿ ಕೇಡು ಅಡಗಿತ್ತು. ಹದಿನೇಳರ ಹುಡುಗ ಆ ಆಸೆಗೆ ಬೀಳಲಿಲ್ಲ. ರಾಜನನ್ನು ಮೂಲೆಗೆ ಸರಿಸಿದನು. ಈಗ ತಾಲ್ ತನ್ನ ಮಂತ್ರಿಯನ್ನು ಹಲಗೆಯ ನಡುವಿಗೆ ತಂದು ಅಪಾಯದಿಂದ ಪಾರುಮಾಡಿದ್ದಲ್ಲದೆ ಫಿಷರನ ಕುದುರೆಗೂ ಗುರಿಯಿಟ್ಟನು. ಫಿಷರ್ ತನ್ನ ಆನೆಯಿಂದ ಒಂಟೆಯನ್ನು ತೆಗೆದನು. ತಾಲ್ ಮಂತ್ರಿಯಿಂದ ಕುದುರೆಯನ್ನು ತೆಗೆದನು. ಫಿಷರನ ರಾಜ ಆನೆಯನ್ನು ತೆಗೆದನು. ಹದಿನಾಲ್ಕನೆಯ ನಡೆಯಿಂದ ಇಪ್ಪತ್ತೊಂದನೆಯ ನಡೆಯೊಳಗೆ ಹನ್ನೆರಡು ಕಾಯಿಗಳು ಹಲಗೆಯಿಂದ ಮರೆಯಾಗಿದ್ದವು.

ಹೊಗೆ ತಿಳಿಯಾದಾಗ ಲೆಕ್ಕದಲ್ಲಿ ಫಿಷರನೇ ಮುಂದಿದ್ದನು. ಅವನಲ್ಲಿ ಮಂತ್ರಿಯೂ ಆನೆಯೂ ಐದು ಕಾಲಾಳುಗಳೂ ಉಳಿದಿದ್ದವು. ತಾಲನಲ್ಲಿ ಮಂತ್ರಿ, ಒಂದು ಕುದುರೆ, ನಾಲ್ಕು ಕಾಲಾಳುಗಳು ಮಾತ್ರ. ಆದರೆ ಫಿಷರನ ರಾಜನು ಗೋಡೆ ಬಿದ್ದ ಮನೆಯಲ್ಲಿ ನಿಂತವನಂತಾಗಿದ್ದನು. ತಾಲನ ಮಂತ್ರಿ ಶಹ ಕೊಟ್ಟಿತು. ರಾಜನು ಮೂಲೆಗೆ ಹೋದರೆ ಅಲ್ಲಿಯೂ ಶಹ. ಪಕ್ಕಕ್ಕೆ ಬಂದರೆ ಅಲ್ಲಿಯೂ ಶಹ. ತಪ್ಪಿಸಿಕೊಳ್ಳಲು ರಾಜನಿಗೆ ಮನೆಯಿಲ್ಲ. ಕಟ್ಟಿಹಾಕಲು ಮಂತ್ರಿಗೆ ಸಂಗಡಿಗರಿಲ್ಲ. ಒಂದು ಗಳಿಗೆ ಶಹ ನಿಲ್ಲಿಸಿದರೆ ತಾಲ್ ಸೋಲುತ್ತಾನೆ. ನಿಲ್ಲಿಸದಿದ್ದರೆ ಫಿಷರ್ ಗೆಲ್ಲಲಾರನು. ಇದನ್ನೇ ನಿರಂತರ ಶಹ ಎನ್ನುತ್ತಾರೆ. ಇಪ್ಪತ್ತೊಂದನೆಯ ನಡೆಯಲ್ಲಿ ಆಟವು ಡ್ರಾ ಆಯಿತು.

ಆ ಆಟದಲ್ಲಿ ಯಾರು ಗೆದ್ದರೆಂದು ಕೇಳಿದರೆ ಯಾರೂ ಇಲ್ಲವೆಂದೇ ಉತ್ತರ. ಆದರೆ ತಾಲನ ಕಲ್ಪನೆ ಎಷ್ಟು ದೂರ ಹಾರಬಲ್ಲುದೆಂಬುದೂ, ಫಿಷರನ ದೃಷ್ಟಿ ಎಷ್ಟು ನಿಶಿತವಾದುದೆಂಬುದೂ ಅಲ್ಲಿ ಒಟ್ಟಿಗೆ ಬೆಳಕಿಗೆ ಬಂದವು. ಒಬ್ಬನು ಅಂಜಿದ್ದರೆ ಆ ಆಟ ಹುಟ್ಟುತ್ತಲೇ ಇರಲಿಲ್ಲ. ಒಬ್ಬನು ಎಡವಿದ್ದರೆ ಅದು ಅಷ್ಟು ದೂರ ನಡೆಯುತ್ತಿರಲಿಲ್ಲ. ಮುಂದೆ 1969ರಲ್ಲಿ ಫಿಷರ್ ತನ್ನ ಅರವತ್ತು ಆಟಗಳನ್ನು ಆರಿಸಿ ವಿವರಣೆಯೊಡನೆ ಪುಸ್ತಕವಾಗಿ ಪ್ರಕಟಿಸಿದಾಗ, ಹೆಸರಾಂತ ಗೆಲುವುಗಳ ನಡುವೆ ಈ ಡ್ರಾ ಆಟಕ್ಕೂ ಸ್ಥಳ ಕೊಟ್ಟನು. ಸೋಲನ್ನು ಸಹಿಸದ ಸ್ವಭಾವದ ಆಟಗಾರನಿಂದ ದೊರೆತ ಆ ಮನ್ನಣೆ ಸಣ್ಣದಲ್ಲ. ಒಲಿಂಪಿಯಾಡಿನಲ್ಲಿ ಸೋವಿಯತ್ ತಂಡಕ್ಕೆ ಚಿನ್ನವೂ ಅಮೆರಿಕದ ತಂಡಕ್ಕೆ ಬೆಳ್ಳಿಯೂ ಸಂದವು.

ತಾಲನ ಪಟ್ಟವು ಬಹು ಕಾಲ ನಿಲ್ಲಲಿಲ್ಲ. ಅವನಿಗೆ ಎಳೆತನದಿಂದಲೇ ಆರೋಗ್ಯ ಸಾಲದು. ಮೂತ್ರಪಿಂಡದ ರೋಗವು ಅವನನ್ನು ಕಾಡುತ್ತಿತ್ತು. 1961ರಲ್ಲಿ ಬೊತ್ವಿನ್ನಿಕನೊಡನೆ ಮರುಪಂದ್ಯ ನಡೆಯಬೇಕಾಗಿದ್ದಾಗ ಅದನ್ನು ಮುಂದಕ್ಕೆ ಹಾಕುವುದು ಲೇಸೆಂದು ವೈದ್ಯರು ಸೂಚಿಸಿದರು. ತಾಲ್ ಅದಕ್ಕೆ ಕಿವಿಗೊಡದೆ ಆಡಲು ಕುಳಿತನು. ಹಿರಿಯನಾದ ಬೊತ್ವಿನ್ನಿಕನು ತಾಲನ ಆಟವನ್ನು ವರ್ಷವಿಡೀ ಅಭ್ಯಾಸ ಮಾಡಿ ಬಂದಿದ್ದನು. ಹದಿಮೂರಕ್ಕೆ ಎಂಟು ಅಂಕಗಳಿಂದ ತಾಲ್ ಸೋತನು. ಸೋತುದಕ್ಕೆ ಅವನು ರೋಗವನ್ನು ನೆಪವಾಗಿ ಒಡ್ಡಲಿಲ್ಲ. ಎದುರಾಳಿಯ ಹಿರಿಮೆಯನ್ನು ಒಪ್ಪಿಕೊಂಡನು. ಕೆಲವೇ ತಿಂಗಳ ಮೇಲೆ ಬ್ಲೆಡ್ ನಗರದ ಸ್ಪರ್ಧೆಯಲ್ಲಿ ಫಿಷರ್ ಅವನನ್ನು ಮೊದಲ ಬಾರಿಗೆ ಸೋಲಿಸಿದನು. ಆದರೂ ಆ ಸ್ಪರ್ಧೆಯಲ್ಲಿ ಮೊದಲನೆಯ ಸ್ಥಾನ ತಾಲನಿಗೇ ಬಂದಿತು, ಎರಡನೆಯದು ಫಿಷರನಿಗೆ.

1962ರಲ್ಲಿ ವೆಸ್ಟ್ ಇಂಡೀಸಿನ ಕ್ಯುರಸಾವೊ ದ್ವೀಪದಲ್ಲಿ ಮತ್ತೊಂದು ದೀರ್ಘ ಸ್ಪರ್ಧೆ ಏರ್ಪಟ್ಟಿತು. ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನಗಳಾಗಿರಲಿಲ್ಲ. ತಾಲ್ ನೋವನ್ನು ನುಂಗಿಕೊಂಡು ಮುಕ್ಕಾಲು ಪಾಲು ಆಡಿದನು. ಬಳಿಕ ದೇಹವು ಸೋತು ಆಸ್ಪತ್ರೆಗೆ ಸೇರಬೇಕಾಯಿತು. ಆಗ ಅವನನ್ನು ನೋಡಲು ಹಾಸಿಗೆಯ ಬಳಿಗೆ ಬಂದವನು ಫಿಷರ್. ಬೇರೆಯವರೊಡನೆ ಬೆರೆಯಲು ಬಾರದ ಆ ತರುಣನು ರೋಗಿಯ ಪಕ್ಕದಲ್ಲಿ ಕುಳಿತು ಚದುರಂಗದ ಹಲಗೆಯನ್ನು ಹರಡಿದನು. ಇಬ್ಬರ ದೇಶಗಳೂ ಒಂದನ್ನೊಂದು ಶಂಕಿಸುತ್ತಿದ್ದ ವರ್ಷವದು. ಹಲಗೆಯ ಮೇಲೆ ಒಬ್ಬರ ಮೇಲೊಬ್ಬರು ನಿರ್ದಯವಾಗಿ ಏರಿಹೋಗುತ್ತಿದ್ದ ಆ ಇಬ್ಬರ ನಡುವೆ ಹಗೆತನವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1969ರಲ್ಲಿ ವೈದ್ಯರು ಅವನ ಒಂದು ಮೂತ್ರಪಿಂಡವನ್ನು ತೆಗೆದುಹಾಕಿದರು. ಅಲ್ಲಿಗೆ ತಾಲನ ಕಾಲ ಮುಗಿಯಿತೆಂದು ತಿಳಿದವರೇ ಹೆಚ್ಚು. ಆದರೆ ಅವನು ಮತ್ತೆ ಎದ್ದು ನಿಂತನು. 1972-73ರಲ್ಲಿ 86 ಆಟಗಳನ್ನು ಒಂದೂ ಸೋಲದೆ ಆಡಿದನು. 1973ರ ಅಕ್ಟೋಬರಿನಿಂದ ಒಂದು ವರ್ಷ ಕಾಲ 95 ಆಟಗಳಲ್ಲಿ ಯಾರಿಗೂ ಮಣಿಯಲಿಲ್ಲ. ಅವುಗಳಲ್ಲಿ 46 ಗೆಲುವು, 49 ಡ್ರಾ. ಆ ದಾಖಲೆಯನ್ನು ಮುರಿಯಲು 2018ರವರೆಗೆ ಅಗ್ರಶ್ರೇಣಿಯ ಯಾವ ಆಟಗಾರನಿಂದಲೂ ಆಗಲಿಲ್ಲ. ಯೌವನದಲ್ಲಿ ಬಿರುಗಾಳಿಯಂತೆ ಆಡಿದವನು ಈಗ ಗಾಳಿಯ ಜೊತೆಗೆ ಬೇರಿನ ಬಲವನ್ನೂ ಪಡೆದುಕೊಂಡಿದ್ದನು. 1979ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಆಗಿನ ಜಗಜ್ಜಟ್ಟಿ ಕಾರ್ಪೋವನೊಡನೆ ಪ್ರಥಮ ಸ್ಥಾನವನ್ನು ಹಂಚಿಕೊಂಡನು. 1988ರಲ್ಲಿ ಕೆನಡಾದ ಸೇಂಟ್ ಜಾನ್ ನಗರದಲ್ಲಿ ಮಿಂಚಿನಾಟದ ಜಾಗತಿಕ ಸ್ಪರ್ಧೆ ನಡೆಯಿತು. ಕಸ್ಪರೋವ್, ಕಾರ್ಪೋವ್ ಮೊದಲಾದವರು ಭಾಗವಹಿಸಿದ್ದ ಆ ಕೂಟದಲ್ಲಿ ಐವತ್ತೊಂದು ವರ್ಷದ ತಾಲ್ ವಿಜಯಿಯಾದನು.

ತಾಲನ ಬಾಳಿನಲ್ಲಿ ಎಲ್ಲವೂ ಅನುಕರಣೀಯವೆಂದು ಹೇಳಲಾಗದು. ದೇಹದ ವಿಷಯದಲ್ಲಿ ಅವನು ಉದಾಸೀನನಾಗಿದ್ದನು. ಹೊಗೆಸೊಪ್ಪಿನ ಚಟವನ್ನು ಬಿಡಲಿಲ್ಲ, ಪಥ್ಯವನ್ನು ಪಾಲಿಸಲಿಲ್ಲ. ಆಟದಲ್ಲಿ ಕಾಯಿಗಳನ್ನು ಬಲಿಕೊಟ್ಟಂತೆಯೇ ಬಾಳಿನಲ್ಲಿ ಆರೋಗ್ಯವನ್ನು ಬಲಿಕೊಟ್ಟನು. ಹಲಗೆಯ ಮೇಲಿನ ಬಲಿಗೆ ಪ್ರತಿಫಲ ದೊರೆಯಬಹುದು. ದೇಹದ ಬಲಿಗೆ ದೊರೆಯದು. ಆದರೆ ಅವನ ನಡತೆಯಲ್ಲಿ ಕಲ್ಮಷವಿರಲಿಲ್ಲ. ಸೋತವನನ್ನು ಹೀಯಾಳಿಸಿದವನಲ್ಲ, ಗೆದ್ದವನನ್ನು ಕಂಡು ಕರುಬಿದವನಲ್ಲ. ಆಟ ಮುಗಿದ ಕೂಡಲೇ ಎದುರಾಳಿಯೊಡನೆ ಕುಳಿತು, ನಡೆಗಳನ್ನು ಮತ್ತೆ ಜೋಡಿಸಿ, ಅಲ್ಲಿ ಕಾಣದೆ ಹೋದ ಚೆಲುವನ್ನು ಹುಡುಕುವುದೇ ಅವನ ಸಂತೋಷವಾಗಿತ್ತು.

1992ರ ಮೇ ತಿಂಗಳಲ್ಲಿ ತಾಲ್ ಮಾಸ್ಕೋದ ಆಸ್ಪತ್ರೆಯಲ್ಲಿದ್ದನು. ದೇಹ ಜರ್ಝರಿತವಾಗಿತ್ತು. ಆ ನಗರದಲ್ಲಿ ಮಿಂಚಿನಾಟದ ಸ್ಪರ್ಧೆಯೊಂದು ನಡೆಯುತ್ತಿರುವ ಸುದ್ದಿ ತಿಳಿದು, ಆಸ್ಪತ್ರೆಯಿಂದ ಎದ್ದು ಬಂದು ಆಡಲು ಕುಳಿತನು. ಆಗಿನ ಜಗಜ್ಜಟ್ಟಿ ಕಸ್ಪರೋವನು ಅವನ ಎದುರಿಗೆ ಬಂದನು. ಸಾವಿನ ಹೊಸ್ತಿಲಲ್ಲಿ ನಿಂತಿದ್ದ ಆ ಮನುಷ್ಯನು ಅವನನ್ನು ಸೋಲಿಸಿದನು. ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದು ಮರಳಿ ಆಸ್ಪತ್ರೆಗೆ ಹೋದನು. ಒಂದು ತಿಂಗಳು ಕಳೆದ ಮೇಲೆ, ಜೂನ್ 28ರಂದು, ಮಿಖಾಯಿಲ್ ತಾಲ್ ತೀರಿಕೊಂಡನು. ಆಗ ಅವನಿಗೆ ಐವತ್ತೈದು ವರ್ಷ. ಹುಟ್ಟೂರಾದ ರೀಗಾದ ಮಣ್ಣಿನಲ್ಲಿ ಅವನ ಸಮಾಧಿಯಾಯಿತು.

ತಾಲನ ಹೆಸರು ನಮ್ಮ ದೇಶಕ್ಕೂ ಅಪರಿಚಿತವಲ್ಲ. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ಚದುರಂಗದ ಕೂಟಕ್ಕೆ ಅವನ ಹೆಸರನ್ನೇ ಇಟ್ಟಿದ್ದರು. ಮುಂದೆ ಜಗಜ್ಜಟ್ಟಿಯಾದ ವಿಶ್ವನಾಥನ್ ಆನಂದ್ ಬಾಲಕನಾಗಿದ್ದಾಗ ಆಡಿ ಪಳಗಿದ್ದು ಆ ಕೂಟದಲ್ಲಿ. ಭಾರತದಿಂದ ಹೊರಟ ಚದುರಂಗವು ಪಾರಸಿಕ, ಅರಬ, ಯೂರೋಪು ದೇಶಗಳನ್ನು ಸುತ್ತಿ, ರೀಗಾದ ಒಬ್ಬ ಕಲಿಯ ಹೆಸರನ್ನು ಹೊತ್ತು ಹೀಗೆ ಮರಳಿ ತನ್ನ ಹುಟ್ಟುನೆಲಕ್ಕೆ ಬಂದಿತು.

ತಾಲ್ ಜಗಜ್ಜಟ್ಟಿಯಾಗಿದ್ದುದು ಒಂದೇ ವರ್ಷ. ರೋಗದೊಡನೆ ಅವನು ಹೋರಾಡಿದ್ದು ಬಾಳಿನುದ್ದಕ್ಕೂ. ಆ ಹೋರಾಟದಲ್ಲಿ ರೋಗವನ್ನು ಗೆಲ್ಲಲು ಅವನಿಂದ ಆಗಲಿಲ್ಲ. ಅವನ ಉತ್ಸಾಹವನ್ನು ಗೆಲ್ಲಲು ರೋಗದಿಂದಲೂ ಆಗಲಿಲ್ಲ. ಲೈಪ್‌ಜಿಗ್ಗಿನ ಹಲಗೆಯ ಮೇಲೆ ತನಗಿಂತ ಹೆಚ್ಚು ಬಲವುಳ್ಳ ಸೇನೆಯ ಎದುರಿನಲ್ಲಿ ಒಂಟಿ ಮಂತ್ರಿಯನ್ನು ಹಿಡಿದುಕೊಂಡು, ಒಂದು ಗಳಿಗೆಯೂ ಬಿಡದೆ ಶಹ ಕೊಡುತ್ತ ನಿಂತಂತೆಯೇ, ಅವನು ಐವತ್ತೈದು ವರ್ಷ ಬಾಳಿದನು. ಚದುರಂಗ ಬಲ್ಲವರು ಇಂದಿಗೂ ಆ ಇಪ್ಪತ್ತೊಂದು ನಡೆಗಳ ಆಟವನ್ನು ಹಲಗೆಯ ಮೇಲೆ ಜೋಡಿಸಿ ನೋಡಿ ಸಂತೋಷಪಡುತ್ತಾರೆ.